ವರ್ಷದ ಮೊದಲ ಬರಹ: ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮ ಪರಿಚಯವನ್ನು ತಾವೇ ಬರೆಯುವಂತೆ ಮಾಡುವ ಬಗೆ

ಕರ್ನಾಟಕದ ಸರ್ಕಾರಿ ಶಾಲೆಗಳು ಬೇಸಿಗೆ ರಜೆ ಮುಗಿಸಿ ಮೇ ತಿಂಗಳ ಕೊನೆಯಲ್ಲಿ ಬಾಗಿಲು ತೆರೆದು, ತಳಿರುತೋರಣ ಕಟ್ಟಿ, ಸಿಹಿ ಹಂಚಿ ‘ಪ್ರಾರಂಭೋತ್ಸವ’ ಆಚರಿಸಿದ ನಂತರದ ದಿನಗಳಲ್ಲಿ ಶಿಕ್ಷಕರ ಎದುರಿಗೆ ಬರುವ ಮೊದಲ ಕೆಲಸವೆಂದರೆ ತರಗತಿಯ ಒಂದೊಂದು ಮಗುವನ್ನೂ ಅರಿತುಕೊಳ್ಳುವುದು. ದಾಖಲಾತಿ ವಹಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿಯರ ಹೆಸರು ಮತ್ತು ವಿಳಾಸ ಸಿಗುತ್ತವೆ. ಆದರೆ ಆ ಮಗುವಿಗೆ ಯಾವುದರಲ್ಲಿ ಆಸಕ್ತಿ, ಯಾವುದರ ಭಯ, ಅದು ಮನೆಯಲ್ಲಿ ಆಡುವ ಮಾತು ಎಂಥದು, ಅದಕ್ಕೆ ಯಾವ ಕೆಲಸ ಬರುತ್ತದೆ ಎಂಬ ಸಂಗತಿಗಳು ಯಾವ ವಹಿಯಲ್ಲಿಯೂ ಇರುವುದಿಲ್ಲ. ಇವನ್ನು ಮಗುವೇ ಹೇಳಬೇಕು, ಹೇಳಿದ್ದನ್ನು ತನ್ನ ಶಕ್ತಿಗೆ ತಕ್ಕಂತೆ ಬರೆಯಬೇಕು. ಈ ಉದ್ದೇಶದಿಂದ ಶೈಕ್ಷಣಿಕ ವರ್ಷದ ಆರಂಭದಲ್ಲಿ ಮಕ್ಕಳಿಂದ ಬರೆಸುವ ಚಿಕ್ಕ ಬರಹವನ್ನು ಇಲ್ಲಿ ‘ಪರಿಚಯ ಬರಹ’ ಎಂದು ಕರೆಯಲಾಗಿದೆ.

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಸರಾಳಿನಂಥ ಊರಿನಲ್ಲಿ ಇದರ ಅಗತ್ಯ ಎರಡು ಹಂತಗಳಲ್ಲಿ ಎದ್ದು ಕಾಣುತ್ತದೆ. ಅಂಗನವಾಡಿಯಿಂದ 1ನೆಯ ತರಗತಿಗೆ ಬರುವ ಮಗು ಬರಹದ ಲೋಕಕ್ಕೆ ಹೊಸದು. ಕಿರಿಯ ಪ್ರಾಥಮಿಕ ಶಾಲೆ, ಅಂದರೆ 5ನೆಯ ತರಗತಿಯವರೆಗಿನ ಶಾಲೆ ಮಾತ್ರ ಇರುವ ಹಳ್ಳಿಗಳಿಂದ 6ನೆಯ ತರಗತಿಗೆ ದೊಡ್ಡ ಊರಿಗೆ ಬರುವ ಮಗು ಬರೆಯಬಲ್ಲದಾದರೂ ಅಲ್ಲಿನ ಶಿಕ್ಷಕರಿಗೂ ಸಹಪಾಠಿಗಳಿಗೂ ಹೊಸದು. ಕಬ್ಬು ಕಡಿಯಲು, ಆಲೆಮನೆಗಳಲ್ಲಿ ಬೆಲ್ಲ ತಯಾರಿಸಲು ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳು ತರಗತಿಯಲ್ಲಿದ್ದರೆ ಅವರ ಮನೆಮಾತು ಕನ್ನಡವಲ್ಲದಿರಬಹುದು. ಇಷ್ಟು ಬಗೆಯ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತಾಗ, ಪರಿಚಯ ಬರಹವು ಶಿಕ್ಷಕರು ಓದಿ ಉತ್ತರ ಕೊಡುವ ಪತ್ರದಂತೆ ನಡೆದರೆ ಮಾತ್ರ ಫಲ ಕೊಡುತ್ತದೆ. ಅಂಕ ಹಾಕಿ ಕಟ್ಟಿಡುವ ಉತ್ತರಪತ್ರಿಕೆಯಾದರೆ ಮಗು ಮೊದಲ ವಾರದಲ್ಲಿಯೇ ಬರಹಕ್ಕೆ ಅಂಜಲು ಕಲಿಯುತ್ತದೆ. ಈ ಲೇಖನದಲ್ಲಿ ಹೇಳಿರುವ ಎಲ್ಲ ಕ್ರಮಗಳಿಗೂ ಇದೇ ಆಧಾರ.

ಸೇತುಬಂಧದೊಳಗೆ ಇದಕ್ಕೆ ಇರುವ ಜಾಗ

ರಾಜ್ಯದ ಶಾಲೆಗಳಲ್ಲಿ ವರ್ಷಾರಂಭದಲ್ಲಿ ನಡೆಯುವ ‘ಸೇತುಬಂಧ’ವೆಂದರೆ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂಬುದನ್ನು ಪೂರ್ವ ಪರೀಕ್ಷೆಯಿಂದ ತಿಳಿದು, ಕೊರತೆಯನ್ನು ತುಂಬಿ, ಸಾಫಲ್ಯ ಪರೀಕ್ಷೆಯ ಮೂಲಕ ಮತ್ತೆ ಅಳೆದು ಮಗುವನ್ನು ಹೊಸ ತರಗತಿಗೆ ಅಣಿಗೊಳಿಸುವ ಕಾರ್ಯಕ್ರಮ. ಪರಿಚಯ ಬರಹವನ್ನು ಇದರ ಜೊತೆಯಲ್ಲಿಯೇ ನಡೆಸಬಹುದಾದ್ದರಿಂದ ಅದಕ್ಕಾಗಿ ಬೇರೆ ವೇಳಾಪಟ್ಟಿ ಬೇಕಾಗುವುದಿಲ್ಲ. ಭಾಷಾ ಅವಧಿಯಲ್ಲಿ ದಿನಕ್ಕೆ ಅರ್ಧ ಗಂಟೆ ಸಾಕು. ಪರೀಕ್ಷೆಯ ಪ್ರಶ್ನೆಗೆ ಬಾಯಿಬಿಡದ ಮಗುವೂ ತನ್ನ ಮನೆಯ ಕರುವಿನ ಬಗ್ಗೆ ನಾಲ್ಕು ಮಾತು ಬರೆಯಬಲ್ಲದಾದ್ದರಿಂದ, ಅದರ ಶಬ್ದಸಂಪತ್ತು, ವಾಕ್ಯ ಕಟ್ಟುವ ಶಕ್ತಿ, ಕಾಗುಣಿತ ಮತ್ತು ಒತ್ತಕ್ಷರಗಳ ಹಿಡಿತ ಇವೆಲ್ಲವೂ ಒಂದು ಹಾಳೆಯಲ್ಲಿ ಶಿಕ್ಷಕರಿಗೆ ಕಾಣಸಿಗುತ್ತವೆ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವು, ಮಗುವನ್ನು ಭಯ ಮತ್ತು ಆತಂಕಗಳಿಂದ ಬಿಡಿಸಿ ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗುವುದು ಪಠ್ಯಕ್ರಮದ ಗುರಿಗಳಲ್ಲಿ ಒಂದು ಎಂದು ಹೇಳುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನೆಯ ಮಾಧ್ಯಮವಾಗಿರಬೇಕೆಂದೂ ಅದೇ ಪ್ರಕರಣ ಸೂಚಿಸುತ್ತದೆ. ಮಗು ತನ್ನ ಮಾತಿನಲ್ಲಿ ತನ್ನ ವಿಷಯವನ್ನು ಬರೆಯುವ ಚಟುವಟಿಕೆ ಈ ಎರಡು ಆಶಯಗಳನ್ನೂ ಒಟ್ಟಿಗೆ ಈಡೇರಿಸುತ್ತದೆ.

ಮೊದಲು ಮಾತು, ಆಮೇಲೆ ಬರಹ

ಮಕ್ಕಳ ಕೈಗೆ ಹಾಳೆ ಕೊಟ್ಟು ‘ನಿನ್ನ ಬಗ್ಗೆ ಬರೆ’ ಎಂದರೆ ಬಹುತೇಕ ಹಾಳೆಗಳಲ್ಲಿ ಹೆಸರು, ತರಗತಿ, ಊರು ಎಂಬ ಮೂರು ಸಾಲುಗಳು ಮಾತ್ರ ಬರುತ್ತವೆ. ಮಗುವಿಗೆ ಹೇಳಲು ಏನೂ ಇಲ್ಲವೆಂದು ಇದರಿಂದ ಭಾವಿಸಬಾರದು. ಹೇಳಬೇಕಾದದ್ದನ್ನು ಅದು ಇನ್ನೂ ಮಾತಿನಲ್ಲಿ ಕೂಡಿಸಿಕೊಂಡಿರುವುದಿಲ್ಲ. ಆದ್ದರಿಂದ ಮೊದಲ ಎರಡು ದಿನ ಬರಹವನ್ನು ಬದಿಗಿಟ್ಟು ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ ಮಾತನಾಡಿಸಬೇಕು, ಮತ್ತು ಆ ಮಾತು ಶಿಕ್ಷಕರಿಂದಲೇ ಆರಂಭವಾಗಬೇಕು. ಮೇಷ್ಟ್ರು ಅಥವಾ ಮಿಸ್ಸು ತಾವು ಹುಟ್ಟಿದ ಊರು, ಚಿಕ್ಕಂದಿನಲ್ಲಿ ಆಡುತ್ತಿದ್ದ ಆಟ, ತಮಗೆ ಹಿಡಿಸುವ ತಿಂಡಿ ಇವುಗಳ ಬಗ್ಗೆ ಎರಡು ಮೂರು ಮಾತು ಹೇಳಿದರೆ, ಯಾವ ಬಗೆಯ ಸಂಗತಿಗಳನ್ನು ಹೇಳಬಹುದೆಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ಮಾತಿಗೆ ಎಳೆಯುವ ಪ್ರಶ್ನೆಗಳು ಕಣ್ಣಿಗೆ ಕಟ್ಟುವ ಸಂಗತಿಗಳನ್ನು ಕುರಿತಿರಬೇಕು. ‘ನಿನ್ನ ಗುರಿ ಏನು’, ‘ನಿನ್ನ ಆದರ್ಶ ವ್ಯಕ್ತಿ ಯಾರು’ ಎಂದು ಕೇಳಿದರೆ ಮಕ್ಕಳು ದೊಡ್ಡವರಿಂದ ಕೇಳಿದ ಉತ್ತರವನ್ನೇ ಒಪ್ಪಿಸುತ್ತಾರೆ. ಅದರ ಬದಲು, ಬೆಳಗ್ಗೆ ಎದ್ದ ಕೂಡಲೇ ಮನೆಯಲ್ಲಿ ಕೇಳಿಸುವ ಸದ್ದು ಯಾವುದು, ಶಾಲೆಗೆ ಬರುವ ದಾರಿಯಲ್ಲಿ ಏನೇನು ಸಿಗುತ್ತದೆ, ಯಾರ ಜೊತೆ ಬರುತ್ತೀಯ, ರಜೆಯಲ್ಲಿ ಹೊಸದಾಗಿ ಕಲಿತ ಕೆಲಸ ಯಾವುದು, ಯಾವುದನ್ನು ಕಂಡರೆ ಹೆದರಿಕೆ, ಕೋಪ ಬಂದಾಗ ಎಲ್ಲಿ ಹೋಗಿ ಕೂರುತ್ತೀಯ ಎಂಬಂಥ ಪ್ರಶ್ನೆಗಳಿಗೆ ಸಿಗುವ ಉತ್ತರ ಆ ಮಗುವಿನದೇ ಆಗಿರುತ್ತದೆ. ಡೈರಿಗೆ ಹಾಲು ಹಾಕಿ ಬರುವ, ಕುರಿಗಳಿಗೆ ಸೊಪ್ಪು ತರುವ, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇಂಥ ಪ್ರಶ್ನೆಗಳು ಹೇಳುವ ವಿಷಯವನ್ನು ಧಾರಾಳವಾಗಿ ಒದಗಿಸುತ್ತವೆ.

1ರಿಂದ 3ನೆಯ ತರಗತಿ: ಹೆಸರು, ಚಿತ್ರ, ಹೇಳಿ ಬರೆಸಿದ ವಾಕ್ಯ

‘ನಲಿ-ಕಲಿ’ ಎಂದರೆ ಹಲವು ಹಂತಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕಾರ್ಡುಗಳ ನೆರವಿನಿಂದ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ಇದು 2009-10ನೆಯ ಸಾಲಿನಿಂದ ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ಇಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ, ಬರೆಯಲು ಸುಲಭವಾದ ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭಿಸಿ, ಜ, ವ, ಮ, ಬ, ನ ಎಂಬ ಗುಂಪಿಗೆ ಸಾಗಲಾಗುತ್ತದೆ. ಹೀಗಿರುವಾಗ ‘ಗಗನ’ ಎಂಬ ಮಗು ತನ್ನ ಹೆಸರನ್ನು ಬೇಗ ಬರೆಯುತ್ತದೆ. ‘ಲಕ್ಷ್ಮಿ’ ಎಂಬ ಮಗು ಒತ್ತಕ್ಷರದ ಹಂತದವರೆಗೆ ಕಾಯಬೇಕಾಗುತ್ತದೆ. ಆದರೆ ಸ್ವಂತ ಹೆಸರಿಗೆ ಈ ಕಾಯುವಿಕೆ ಸಲ್ಲದು. ಪ್ರತಿಯೊಂದು ಮಗುವಿನ ಹೆಸರನ್ನು ದಪ್ಪ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದುಕೊಟ್ಟು, ಅದರ ಮೇಲೆ ಬೆರಳಾಡಿಸಿ, ಸ್ಲೇಟಿನ ಮೇಲೆ ತಿದ್ದಿ, ಇಡಿಯಾಗಿ ಗುರುತಿಸುವಂತೆ ಮೊದಲ ವಾರದಲ್ಲಿಯೇ ಮಾಡಬೇಕು.

ಊರಿನ ಹೆಸರು ಎರಡನೆಯ ಮೆಟ್ಟಿಲು. ‘ಬಸರಾಳು’ ಎಂಬ ನಾಲ್ಕು ಅಕ್ಷರಗಳಲ್ಲಿ ಒತ್ತಕ್ಷರವಿಲ್ಲ. ಬ, ಸ, ರ ಮೂರೂ ನಲಿ-ಕಲಿಯ ಮೊದಲ ಎರಡು ಗುಂಪುಗಳಲ್ಲಿಯೇ ಬರುತ್ತವೆ. ಉಳಿಯುವುದು ಳಕಾರ, ಆಕಾರದ ಇಳಿ ಮತ್ತು ಉಕಾರದ ಕೊಂಬು. ‘ಮಂಡ್ಯ’ ಎಂದು ಬರೆಯಲು ಅನುಸ್ವಾರವೂ ಯಕಾರದ ಒತ್ತೂ ಬೇಕು. ಆದ್ದರಿಂದ ಊರಿನ ಹೆಸರನ್ನು ಮೊದಲು, ಜಿಲ್ಲೆಯ ಹೆಸರನ್ನು ಅನಂತರ ಬರೆಸುವುದು ಮಕ್ಕಳ ಶಕ್ತಿಗೆ ಒಪ್ಪುವ ಕ್ರಮ. ಉಳಿದ ಹಳ್ಳಿಗಳ ಶಿಕ್ಷಕರೂ ತಮ್ಮ ಊರಿನ ಹೆಸರನ್ನು ಹೀಗೆಯೇ ಬಿಡಿಸಿ ನೋಡಿಕೊಂಡರೆ ಯಾವುದನ್ನು ಯಾವಾಗ ಬರೆಸಬೇಕೆಂಬುದು ಸ್ಪಷ್ಟವಾಗುತ್ತದೆ.

ಇನ್ನೂ ಅಕ್ಷರ ಬಾರದ ಮಗುವಿಗೆ ಚಿತ್ರವೇ ಬರಹ. ಮೇಣದ ಬಳಪ ಕೊಟ್ಟು ‘ನೀನು ಮತ್ತು ನಿನಗೆ ಇಷ್ಟವಾದದ್ದು’ ಎಂದು ಚಿತ್ರ ಬರೆಯಲು ಹೇಳಿ, ಮುಗಿದ ಮೇಲೆ ಶಿಕ್ಷಕರು ಪಕ್ಕದಲ್ಲಿ ಕುಳಿತು, ಮಗು ಆ ಚಿತ್ರದ ಬಗ್ಗೆ ಹೇಳುವ ಒಂದೆರಡು ವಾಕ್ಯಗಳನ್ನು ಅದು ಹೇಳಿದಂತೆಯೇ ಕೆಳಗೆ ಬರೆದುಕೊಡಬೇಕು. ತಾನು ಆಡಿದ ಮಾತು ಹಾಳೆಯ ಮೇಲೆ ಅಕ್ಷರವಾಗಿ ನಿಂತು ಅದನ್ನು ಮತ್ತೊಬ್ಬರು ಓದಬಹುದೆಂಬ ತಿಳಿವು ಮಗುವಿಗೆ ಮೂಡುವುದು ಇಲ್ಲಿಯೇ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್ ಅವರು 1963ರಲ್ಲಿ ಪ್ರಕಟಿಸಿದ ‘ಟೀಚರ್’ ಎಂಬ ಪುಸ್ತಕದಲ್ಲಿ ಇದಕ್ಕೆ ಹತ್ತಿರವಾದ ಕ್ರಮವನ್ನು ವಿವರಿಸಿದ್ದಾರೆ: ಪ್ರತಿ ಮಗುವಿಗೂ ಅದು ಬಯಸಿದ ಒಂದು ಪದವನ್ನು ಕಾರ್ಡಿನಲ್ಲಿ ಬರೆದುಕೊಟ್ಟು, ಅಂಥ ಪದಗಳಿಂದಲೇ ಓದು ಬರಹವನ್ನು ಬೆಳೆಸುವುದು. ಬಸರಾಳಿನ ಮಗು ‘ಎಮ್ಮೆ’ ಎಂದೋ ‘ಟ್ರ್ಯಾಕ್ಟರ್’ ಎಂದೋ ಕೇಳಿದರೆ, ಒತ್ತಕ್ಷರ ಇನ್ನೂ ಬಂದಿಲ್ಲವೆಂದು ನಿರಾಕರಿಸದೆ ಬರೆದುಕೊಡುವುದು ಒಳ್ಳೆಯದು; ಬಯಸಿ ಪಡೆದ ಪದವನ್ನು ಮಗು ಮರೆಯುವುದಿಲ್ಲ.

2 ಮತ್ತು 3ನೆಯ ತರಗತಿಯ ಮಕ್ಕಳಿಗೆ ಅರ್ಧ ವಾಕ್ಯಗಳನ್ನು ಕೊಟ್ಟು ತುಂಬಿಸಬಹುದು. ‘ನನ್ನ ಹೆಸರು…’, ‘ನನ್ನನ್ನು ಮನೆಯಲ್ಲಿ … ಎಂದು ಕರೆಯುತ್ತಾರೆ’, ‘ನನಗೆ … ಮಾಡಲು ಬರುತ್ತದೆ’, ‘ನನಗೆ … ಕಂಡರೆ ಹೆದರಿಕೆ, ಏಕೆಂದರೆ…’, ‘ಈ ವರ್ಷ ನಾನು … ಕಲಿಯಬೇಕು’ ಎಂಬ ಐದು ವಾಕ್ಯಗಳು ಸಾಕು. ಇವುಗಳಲ್ಲಿ ‘ಏಕೆಂದರೆ’ ಇರುವ ವಾಕ್ಯಕ್ಕೆ ಹೆಚ್ಚು ಬೆಲೆ, ಕಾರಣ ಹೇಳಲು ತೊಡಗಿದ ಮಗು ಪಟ್ಟಿ ಮಾಡುವುದನ್ನು ಬಿಟ್ಟು ವಿವರಿಸಲು ಕಲಿಯುತ್ತದೆ.

4 ಮತ್ತು 5ನೆಯ ತರಗತಿ: ಒಂದು ಸಂಗತಿಯ ವಿವರ

ಈ ಹಂತದ ಮಕ್ಕಳು ‘ನಾನು’ ಎಂಬ ಪ್ರಬಂಧವನ್ನು ಈಗಾಗಲೇ ಬರೆದು, ನೋಟ್ಸಿನಿಂದ ಬಾಯಿಪಾಠ ಮಾಡಿ ಅಭ್ಯಾಸವಾಗಿರುವುದರಿಂದ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹೇಳುವ ಬದಲು ಒಂದನ್ನೇ ಪೂರ್ತಿಯಾಗಿ ಹೇಳುವಂತೆ ಅವರನ್ನು ತಿರುಗಿಸಬೇಕು. ಇದಕ್ಕೆ ಮೂರು ಭಾಗಗಳ ಚೌಕಟ್ಟು ಅನುಕೂಲ: ಮೊದಲ ಎರಡು ವಾಕ್ಯಗಳಲ್ಲಿ ತಾನು ಯಾರು ಎಂಬುದು, ನಡುವಿನ ಐದಾರು ವಾಕ್ಯಗಳಲ್ಲಿ ತನಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ, ಆಟ, ಪ್ರಾಣಿ ಅಥವಾ ಜಾಗದ ವಿವರ, ಕೊನೆಯ ಒಂದೆರಡು ವಾಕ್ಯಗಳಲ್ಲಿ ಈ ವರ್ಷ ಶಿಕ್ಷಕರಿಂದ ಮತ್ತು ಗೆಳೆಯರಿಂದ ತನಗೆ ಬೇಕಾದದ್ದು.

ನಡುವಿನ ಭಾಗ ಬೆಳೆಯಬೇಕಾದರೆ ಬರೆಯುವ ಮೊದಲು ಒಂದು ಚಿಕ್ಕ ಸಿದ್ಧತೆ ಬೇಕು. ಹಾಳೆಯ ನಡುವೆ ವಿಷಯವನ್ನು ಬರೆದು, ಅದರ ಸುತ್ತ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ಕೈಯಿಂದ ಮಾಡಿದ್ದು, ಯಾರು ಕಲಿಸಿದರು ಎಂಬ ನಾಲ್ಕು ಕವಲುಗಳನ್ನು ಎಳೆದು, ಒಂದೊಂದರ ತುದಿಯಲ್ಲಿ ಎರಡು ಮೂರು ಪದಗಳನ್ನು ಗುರುತು ಮಾಡಿಕೊಳ್ಳುವುದಕ್ಕೆ ‘ಪದಜಾಲ’ ಎನ್ನಬಹುದು. ಆಲೆಮನೆಯನ್ನು ಆರಿಸಿಕೊಂಡ ಮಗು ಕೊಪ್ಪರಿಗೆ, ಕುದಿಯುವ ಕಬ್ಬಿನ ಹಾಲು, ಒಲೆಗೆ ಹಾಕುವ ಸಿಪ್ಪೆ, ಅಚ್ಚಿನ ಬೆಲ್ಲ ಎಂದು ಪದಗಳನ್ನು ಕೂಡಿಸಿಕೊಂಡರೆ ವಾಕ್ಯಗಳು ತಾವಾಗಿ ಬರುತ್ತವೆ, ಮತ್ತು ಪಠ್ಯಪುಸ್ತಕದಲ್ಲಿಲ್ಲದ ಆ ಪದಗಳು ತರಗತಿಗೆ ಮಗುವಿನ ಕೊಡುಗೆಯಾಗಿ ಸೇರುತ್ತವೆ.

6 ಮತ್ತು 7ನೆಯ ತರಗತಿ: ಗೆಳೆಯರ ಪರಿಚಯ, ಊರಿನ ಪರಿಚಯ

ಬೇರೆ ಬೇರೆ ಹಳ್ಳಿಗಳಿಂದ ಬಂದ ಮಕ್ಕಳು ಒಂದಾಗುವ 6ನೆಯ ತರಗತಿಯಲ್ಲಿ ‘ಜೋಡಿ ಪರಿಚಯ’ ಹೆಚ್ಚು ಉಪಯುಕ್ತ. ಒಂದು ಊರಿನ ಮಗುವನ್ನು ಇನ್ನೊಂದು ಊರಿನ ಮಗುವಿನೊಂದಿಗೆ ಜೋಡಿ ಮಾಡಿ, ಇಬ್ಬರೂ ಒಬ್ಬರನ್ನೊಬ್ಬರು ಪ್ರಶ್ನಿಸಿ, ಗುರುತು ಹಾಕಿಕೊಂಡು, ಮತ್ತೊಬ್ಬರ ಪರಿಚಯವನ್ನು ಒಂದು ಪುಟದಲ್ಲಿ ಬರೆದು ಓದಿ ಹೇಳಬೇಕು. ಓದುವ ಮೊದಲು ಆ ಪುಟವನ್ನು ಜೊತೆಗಾರರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮವಿದ್ದರೆ, ಇನ್ನೊಬ್ಬರ ಬಗ್ಗೆ ಬರೆಯುವಾಗ ಇರಬೇಕಾದ ಎಚ್ಚರ ಮತ್ತು ಗೌರವ ಎರಡನ್ನೂ ಮಕ್ಕಳು ಕಲಿಯುತ್ತಾರೆ.

ತನ್ನ ಪರಿಚಯದ ಜೊತೆಗೆ ಊರಿನ ಪರಿಚಯವನ್ನೂ ಬರೆಯಬಲ್ಲ ವಯಸ್ಸು ಇದು, ಮತ್ತು ಬಸರಾಳಿನ ಮಕ್ಕಳಿಗೆ ಅದಕ್ಕೆ ಅಪರೂಪದ ಅನುಕೂಲವಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಅವನ ಅಧಿಕಾರಿಯಾಗಿದ್ದ ಹರಿಹರ ದಣ್ಣಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಈ ಊರಿನಲ್ಲಿದೆ. ಅದು ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳುಳ್ಳ ದೇವಾಲಯ. ದೇವಾಲಯಗಳಿಗೆ ಸಂಬಂಧಿಸಿದ ಕನ್ನಡ ಶಾಸನಗಳಲ್ಲಿ ಸಾಮಾನ್ಯವಾಗಿ ಆಳುವ ಅರಸ ಯಾರು, ಕಾಲ ಯಾವುದು, ದಾನ ಕೊಟ್ಟವನು ಯಾರ ಮಗ, ಅವನು ಮಾಡಿದ ಕೆಲಸ ಏನು ಎಂಬುದು ಕ್ರಮವಾಗಿ ಬರುತ್ತದೆ. ಈ ಕ್ರಮವನ್ನು ಶಿಕ್ಷಕರು ಸರಳ ಮಾತಿನಲ್ಲಿ ವಿವರಿಸಿ, ಮಕ್ಕಳನ್ನು ದೇವಾಲಯಕ್ಕೆ ಕರೆದೊಯ್ದು ತೋರಿಸಿ, ಅದೇ ಕ್ರಮದಲ್ಲಿ ತಮ್ಮ ಪರಿಚಯವನ್ನು ಬರೆಯಲು ಹೇಳಿದರೆ, ಕಾಲ, ಸ್ಥಳ, ಮನೆತನ, ಕೆಲಸ ಎಂಬ ನಾಲ್ಕು ನೆಲೆಗಳಲ್ಲಿ ಒಬ್ಬ ವ್ಯಕ್ತಿಯನ್ನು ಪರಿಚಯಿಸುವ ರೀತಿ ಅವರಿಗೆ ತಿಳಿಯುತ್ತದೆ. ತಮ್ಮ ಊರಿನಲ್ಲಿ ಎಂಟು ಶತಮಾನಗಳ ಹಿಂದೆಯೇ ಬರಹಕ್ಕೆ ಮನ್ನಣೆಯಿತ್ತೆಂಬ ಅರಿವೂ ಮೂಡುತ್ತದೆ.

ಕೇಳಬಾರದ ಪ್ರಶ್ನೆಗಳು

ಪರಿಚಯ ಬರಹದಲ್ಲಿ ಮಗು ನೋಯುವ ಅಪಾಯವೂ ಇದೆಯೆಂಬುದನ್ನು ಶಿಕ್ಷಕರು ಮರೆಯಬಾರದು. ಜಾತಿ, ಮನೆಯ ವರಮಾನ, ಜಮೀನಿನ ಅಳತೆ, ಮನೆ ಹೆಂಚಿನದೋ ತಾರಸಿಯದೋ ಎಂಬುದನ್ನು ಈ ಬರಹದಲ್ಲಿ ಕೇಳಲೇಬಾರದು. ‘ನನ್ನ ತಂದೆ’, ‘ನನ್ನ ತಾಯಿ’ ಎಂಬ ಶೀರ್ಷಿಕೆಗಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿಗೆ ಮತ್ತು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗೆ ಭಾರವಾಗುತ್ತವೆ. ‘ನನ್ನನ್ನು ನೋಡಿಕೊಳ್ಳುವವರು’ ಎಂದರೆ ಎಲ್ಲ ಮಕ್ಕಳೂ ಬರೆಯಬಹುದು. ‘ರಜೆಯಲ್ಲಿ ಎಲ್ಲಿಗೆ ಪ್ರವಾಸ ಹೋಗಿದ್ದೆ’ ಎಂಬ ಪ್ರಶ್ನೆ ಉಳ್ಳವರ ಮತ್ತು ಇಲ್ಲದವರ ಮಕ್ಕಳನ್ನು ಬೇರ್ಪಡಿಸುತ್ತದೆ. ‘ರಜೆಯಲ್ಲಿ ಏನು ಕಲಿತೆ’ ಎಂದು ಕೇಳಿದರೆ ಕೂಲಿಯವರ ಮನೆಯ ಮಗುವಿಗೂ ಹೇಳಲು ಹೆಮ್ಮೆಯ ವಿಷಯವಿರುತ್ತದೆ. ಬರೆದದ್ದನ್ನು ಎಲ್ಲರ ಮುಂದೆ ಓದುವುದು ಬೇಡವೆಂದು ಮಗು ಹೇಳಿದರೆ ಆ ಮಾತನ್ನು ಗೌರವಿಸಬೇಕು, ಮತ್ತು ಬರಹದಲ್ಲಿ ಹೊಡೆತ, ಹಸಿವು ಅಥವಾ ಭಯದ ಸುಳಿವು ಕಂಡರೆ ಅದನ್ನು ತರಗತಿಯಲ್ಲಿ ಎತ್ತದೆ ಮುಖ್ಯ ಶಿಕ್ಷಕರೊಂದಿಗೆ ಚರ್ಚಿಸಿ ಮಗುವಿಗೆ ನೆರವಾಗಬೇಕು. 1098 ಸಂಖ್ಯೆಯ ಮಕ್ಕಳ ಸಹಾಯವಾಣಿ ಇರುವುದು ಇಂಥ ಸಂದರ್ಭಗಳಿಗಾಗಿಯೇ.

ಆಡುಮಾತು ಮತ್ತು ತಿದ್ದುಪಡಿ

ಮಂಡ್ಯ ಸೀಮೆಯ ಮಗು ಮನೆಯಲ್ಲಿ ಅವ್ವ ಎನ್ನುತ್ತದೆ, ಹಕಾರವನ್ನು ಅಕಾರವಾಗಿ ಉಚ್ಚರಿಸುತ್ತದೆ, ‘ಅವೆ’, ‘ಐತೆ’ ಎಂದು ವಾಕ್ಯ ಮುಗಿಸುತ್ತದೆ. ಆದ್ದರಿಂದ ಅದರ ಮೊದಲ ಬರಹವೂ ಹಾಗೆಯೇ ಇರುತ್ತದೆ. ಉದಾಹರಣೆಗೆಂದು ಕಲ್ಪಿಸಿಕೊಳ್ಳುವುದಾದರೆ, 3ನೆಯ ತರಗತಿಯ ಮಗುವೊಂದು ‘ನಮ್ ಮನೇಲಿ ಎರಡು ಎಮ್ಮೆ ಅವೆ. ಒಂದು ಆಲು ಕೊಡ್ತದೆ. ಅವ್ವ ಕರೀತಳೆ’ ಎಂದು ಬರೆದಿದೆ ಎನ್ನೋಣ. ಈ ಮೂರು ವಾಕ್ಯಗಳಲ್ಲಿ ವಿಷಯವಿದೆ, ಕ್ರಮವಿದೆ, ಯಾರು ಏನು ಮಾಡುತ್ತಾರೆಂಬ ಸ್ಪಷ್ಟತೆಯಿದೆ. ಕೆಂಪು ಶಾಯಿಯಲ್ಲಿ ನಾಲ್ಕು ಕಡೆ ಗೀಟು ಹಾಕಿದರೆ ಆ ಮಗು ಮುಂದಿನ ಸಲ ಒಂದೇ ವಾಕ್ಯ ಬರೆಯುತ್ತದೆ. ಶಿಕ್ಷಕರು ಕೆಳಗೆ ‘ಹಾಲು ಕೊಡುವ ಎಮ್ಮೆಗೆ ಹೆಸರಿಟ್ಟಿದ್ದೀರಾ? ನೀನೂ ಕರೆಯಲು ಕಲಿತಿದ್ದೀಯಾ?’ ಎಂದು ಉತ್ತರ ಬರೆದರೆ, ಮಗು ತನ್ನ ಮಾತಿಗೆ ಓದುಗರು ಸಿಕ್ಕರೆಂದು ತಿಳಿಯುತ್ತದೆ, ‘ಹಾಲು’ ಎಂಬ ಬರಹದ ರೂಪವನ್ನೂ ಅಲ್ಲಿಯೇ ಕಾಣುತ್ತದೆ, ಮುಂದಿನ ದಿನ ಇನ್ನೆರಡು ವಾಕ್ಯ ಸೇರಿಸುತ್ತದೆ.

ತಿದ್ದುವುದೇ ಬೇಡವೆಂದು ಇದರ ಅರ್ಥವಲ್ಲ. ಮೊದಲ ಕರಡಿನಲ್ಲಿ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಎರಡನೆಯ ಕರಡಿನಲ್ಲಿ ಒಂದು ಬಗೆಯ ದೋಷವನ್ನು ಮಾತ್ರ, ದೀರ್ಘಸ್ವರವೋ ಒತ್ತಕ್ಷರವೋ ಹಕಾರವೋ ಯಾವುದು ಹೆಚ್ಚಿದೆಯೋ ಅದನ್ನು, ಆರಿಸಿಕೊಂಡು ಮಗುವಿನಿಂದಲೇ ಹುಡುಕಿಸಿ ಸರಿಪಡಿಸಬೇಕು. ಅವ್ವ, ಅಣ್ಣಯ್ಯ, ಚಿಕ್ಕವ್ವ ಎಂಬ ಬಂಧುವಾಚಕಗಳನ್ನು ಎಂದೂ ತಿದ್ದಬಾರದು, ಅವು ತಪ್ಪುಗಳಲ್ಲ. ಮನೆಮಾತು ತಮಿಳೋ ಉರ್ದುವೋ ಹಿಂದಿಯೋ ಆಗಿರುವ ಮಗು ತನ್ನ ನುಡಿಯಲ್ಲಿ ಹೇಳಿದ್ದನ್ನು ಕನ್ನಡ ಬಲ್ಲ ಸಹಪಾಠಿಯ ನೆರವಿನಿಂದ ಬರೆಯಲು ಅವಕಾಶವಿರಬೇಕು.

ಓದುಗರನ್ನು ಒದಗಿಸುವುದು

ಯಾರೂ ಓದದ ಬರಹವನ್ನು ಮಗು ಎರಡನೆಯ ಸಲ ಮನಸ್ಸಿಟ್ಟು ಬರೆಯುವುದಿಲ್ಲ. ನಲಿ-ಕಲಿ ಕೊಠಡಿಗಳಲ್ಲಿ ತಲೆಯ ಮೇಲೆ ದಾರಗಳನ್ನು ಕಟ್ಟಿ ಮಕ್ಕಳ ಕೆಲಸಗಳನ್ನು ತೂಗುಹಾಕುವ ‘ಚಪ್ಪರ’ವಿರುತ್ತದೆ, ಪರಿಚಯ ಬರಹಗಳಿಗೆ ಅದು ಮೊದಲ ಜಾಗ. ಎಲ್ಲ ಹಾಳೆಗಳನ್ನು ಹೊಲಿದು ತರಗತಿಯ ಪುಸ್ತಕ ಮಾಡಿ ಓದುವ ಮೂಲೆಯಲ್ಲಿಡುವುದು ಎರಡನೆಯ ದಾರಿ. ಪೋಷಕರು ಸೇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ, ಒಪ್ಪಿದ ಮಕ್ಕಳಿಂದ ಓದಿಸುವುದು ಮೂರನೆಯದು. ಅಕ್ಷರ ಬಾರದ ಅಜ್ಜಿಗೆ ಮಗು ಮನೆಯಲ್ಲಿ ಓದಿ ಹೇಳಿದರೂ ಅದು ಓದೇ.

ಫ್ರಾನ್ಸಿನ ಗ್ರಾಮೀಣ ಶಿಕ್ಷಕ ಸೆಲೆಸ್ಟಿನ್ ಫ್ರೆನೆ (1896–1966) ಅವರು 1920ರ ದಶಕದಲ್ಲಿ ತರಗತಿಯೊಳಗೆ ಚಿಕ್ಕ ಮುದ್ರಣಯಂತ್ರವನ್ನಿಟ್ಟು, ಮಕ್ಕಳು ತಮ್ಮ ಬದುಕಿನ ಬಗ್ಗೆ ಸ್ವತಂತ್ರವಾಗಿ ಬರೆದದ್ದನ್ನು ಅವರಿಂದಲೇ ಅಚ್ಚು ಮಾಡಿಸಿ, ದೂರದ ಶಾಲೆಗಳ ಮಕ್ಕಳೊಂದಿಗೆ ವಿನಿಮಯ ಮಾಡಿಸಿದರು. ಇಂದು ಅಂಥ ವಿನಿಮಯಕ್ಕೆ 50 ಪೈಸೆಯ ಅಂಚೆ ಕಾರ್ಡು ಸಾಕು. ಬಸರಾಳಿನ 5ನೆಯ ತರಗತಿಯ ಮಕ್ಕಳು ಮಳವಳ್ಳಿ ತಾಲ್ಲೂಕಿನ ಒಂದು ಶಾಲೆಯ ಮಕ್ಕಳಿಗೆ ತಮ್ಮ ಪರಿಚಯ ಬರೆದು ಕಳುಹಿಸಿದರೆ, ಈ ಕಡೆಯಿಂದ ಹೊಯ್ಸಳ ದೇವಾಲಯದ ಸುದ್ದಿ ಹೋಗುತ್ತದೆ, ಆ ಕಡೆಯಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ಸುದ್ದಿ ಬರುತ್ತದೆ. ಕಾರ್ಡುಗಳನ್ನು ಶಾಲೆಯ ವಿಳಾಸಕ್ಕೆ ಮಾತ್ರ ಕಳುಹಿಸಬೇಕು. ಮಕ್ಕಳ ಮನೆಯ ವಿಳಾಸ ಮತ್ತು ದೂರವಾಣಿ ಸಂಖ್ಯೆ ಅವುಗಳಲ್ಲಿ ಇರಬಾರದು.

ಎರಡು ವಾರಗಳ ಯೋಜನೆ

ಈ ಎಲ್ಲವನ್ನೂ ಹತ್ತು ಶಾಲಾ ದಿನಗಳಲ್ಲಿ, ದಿನಕ್ಕೆ ಅರ್ಧ ಗಂಟೆಯಂತೆ, ಹೀಗೆ ಹೊಂದಿಸಬಹುದು:

1 ಮತ್ತು 2ನೆಯ ದಿನ: ಶಿಕ್ಷಕರ ಪರಿಚಯ, ವೃತ್ತದಲ್ಲಿ ಮಾತುಕತೆ, ಹೆಸರಿನ ಕಾರ್ಡು.
3ನೆಯ ದಿನ: ಚಿತ್ರ, ದೊಡ್ಡ ಮಕ್ಕಳಿಗೆ ಪದಜಾಲ ಅಥವಾ ಜೋಡಿ ಪ್ರಶ್ನೋತ್ತರ.
4 ಮತ್ತು 5ನೆಯ ದಿನ: ಮೊದಲ ಕರಡು, ಚಿಕ್ಕ ಮಕ್ಕಳ ಮಾತನ್ನು ಶಿಕ್ಷಕರು ಬರೆದುಕೊಡುವುದು.
6 ಮತ್ತು 7ನೆಯ ದಿನ: ಶಿಕ್ಷಕರ ಉತ್ತರ ಓದಿ ಬರಹವನ್ನು ಬೆಳೆಸುವುದು.
8ನೆಯ ದಿನ: ಒಂದು ಬಗೆಯ ದೋಷದ ತಿದ್ದುಪಡಿ, ಶುದ್ಧ ಪ್ರತಿ.
9ನೆಯ ದಿನ: ಓದಿ ಹೇಳುವುದು, ಚಪ್ಪರಕ್ಕೆ ತೂಗುಹಾಕುವುದು.
10ನೆಯ ದಿನ: ತರಗತಿಯ ಪುಸ್ತಕ ಹೊಲಿಯುವುದು, ಅಂಚೆ ಕಾರ್ಡು ಬರೆಯುವುದು.

ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನಿಭಾಯಿಸುವ ಶಾಲೆಯಲ್ಲಿ ದಿನಕ್ಕೆ ಐದು ಮಕ್ಕಳ ಹಾಳೆಗಳಿಗೆ ಉತ್ತರ ಬರೆದರೂ ಎರಡು ವಾರಗಳಲ್ಲಿ ಎಲ್ಲರನ್ನೂ ತಲುಪಬಹುದು. ಶುದ್ಧ ಪ್ರತಿಯನ್ನೂ ಮೊದಲ ಕರಡನ್ನೂ ‘ಕೃತಿಸಂಪುಟ’ದಲ್ಲಿ, ಅಂದರೆ ಮಗುವಿನ ವರ್ಷದ ಕೆಲಸಗಳನ್ನು ಸಂಗ್ರಹಿಸಿಡುವ ಕಡತದಲ್ಲಿ, ದಿನಾಂಕದೊಂದಿಗೆ ಇಟ್ಟು, ದಸರಾ ರಜೆಯ ನಂತರ ಒಮ್ಮೆ ಮತ್ತು ವರ್ಷಾಂತ್ಯದಲ್ಲಿ ಇನ್ನೊಮ್ಮೆ ಅದೇ ಪರಿಚಯವನ್ನು ಹೊಸದಾಗಿ ಬರೆಸಿ ಪಕ್ಕಪಕ್ಕ ಇಟ್ಟು ನೋಡಬೇಕು. ಮಗು ಎಷ್ಟು ಬೆಳೆದಿದೆಯೆಂಬುದನ್ನು ಅಂಕಪಟ್ಟಿಗಿಂತ ಸ್ಪಷ್ಟವಾಗಿ ಈ ಮೂರು ಹಾಳೆಗಳು ಪೋಷಕರಿಗೆ ತೋರಿಸುತ್ತವೆ.

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ, ವೆಚ್ಚ ಇಲ್ಲವೆನ್ನುವಷ್ಟು ಕಡಿಮೆ. ಬೇಕಾದದ್ದು ಶಿಕ್ಷಕರ ಸಮಯ ಮತ್ತು ಮಗುವಿನ ಮಾತನ್ನು ಓದುವ ಮನಸ್ಸು. ಮುಖ್ಯ ಶಿಕ್ಷಕರು ವರ್ಷಾರಂಭದ ವೇಳಾಪಟ್ಟಿಯಲ್ಲಿ ಈ ಅರ್ಧ ಗಂಟೆಯನ್ನು ಕಾಯ್ದಿರಿಸಲಿ, ಸಮೂಹ ಸಂಪನ್ಮೂಲ ವ್ಯಕ್ತಿಗಳು ತಮ್ಮ ವ್ಯಾಪ್ತಿಯ ಶಾಲೆಗಳ ಬರಹಗಳನ್ನು ಪರಸ್ಪರ ಹಂಚಲಿ, ಪೋಷಕರು ಮಗು ಓದಿ ಹೇಳುವ ಹಾಳೆಗೆ ಸಂಜೆ ಐದು ನಿಮಿಷ ಕೊಡಲಿ. ಮತ್ತು ಬರುವ ಜೂನ್ ತಿಂಗಳಲ್ಲಿ ಯಾವ ಮಗುವಿನ ಮೊದಲ ಬರಹವೂ ಶಿಕ್ಷಕರ ಒಂದು ಸಾಲಿನ ಉತ್ತರವಿಲ್ಲದೆ ಹಿಂದಿರುಗದಿರಲಿ.